ಉಣ್ಣುವವರೂ ಬನ್ನಿ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದಲ್ಲಿ ರೈತರು ಧರಣಿ ಕೂತದ್ದು 2022ರ ಏಪ್ರಿಲ್ 4ರಂದು. ಭೂಸ್ವಾಧೀನ ಕೈಬಿಟ್ಟೆವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ್ದು 2025ರ ಜುಲೈ 15ರಂದು. ಮಧ್ಯೆ 1,198 ದಿನ. ಮೂರು ಮುಂಗಾರು ಕಳೆದು ನಾಲ್ಕನೆಯದು ಕಾಲಿಟ್ಟಿತ್ತು. ಒಂದು ಸರ್ಕಾರ ಹೋಗಿ ಇನ್ನೊಂದು ಬಂದಿತ್ತು. ಭೂಮಿ ಬೇಕೆಂದವರು ಇಳಿದರು, ಏರಿದವರೂ ಭೂಮಿ ಬೇಕೆಂದರು. ಕೂತವರು ಮಾತ್ರ ಏಳಲಿಲ್ಲ.

ಕೇಳಿದ್ದು 13 ಹಳ್ಳಿಗಳ 1,777 ಎಕರೆ. ವೈಮಾನಿಕ ಉದ್ಯಮಗಳಿಗೆಂದು. 2025ರ ಜೂನ್ ಕೊನೆಯಲ್ಲಿ, ಹೋರಾಟ ಕಾವೇರಿದಾಗ, ಸರ್ಕಾರ ಒಂದು ಉಪಾಯ ತೆಗೆಯಿತು: ಮೂರು ಹಳ್ಳಿಗಳ 495 ಎಕರೆ ಬಿಡುತ್ತೇವೆ, ಉಳಿದದ್ದು ಕೊಡಿ. ಅಣ್ಣತಮ್ಮಂದಿರ ನಡುವೆ ಬದು ಹಾಕುವ ಹಳೇ ಲೆಕ್ಕ ಇದು, ಬಹಳ ಕಡೆ ಫಲಿಸಿದ ಲೆಕ್ಕ. ಇಲ್ಲಿ ಫಲಿಸಲಿಲ್ಲ. ಬಿಟ್ಟರೆ ಹದಿಮೂರು ಹಳ್ಳಿಯನ್ನೂ ಬಿಡಿ ಎಂದರು ರೈತರು. ದೇವನಹಳ್ಳಿಯಲ್ಲಿ ಪೊಲೀಸರು ಅವರನ್ನು ಹೊತ್ತು ವ್ಯಾನಿಗೆ ಹಾಕಿದರು. ಆಮೇಲೆ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಕೂತರು. ಜುಲೈ 4ರಂದು ಹತ್ತು ದಿನ ಕೊಡಿ ಎಂದಿತು ಸರ್ಕಾರ. ಮೂರು ವರ್ಷ ಕಾದವರು ಹತ್ತು ದಿನವನ್ನೂ ಕಾದರು.

ಈ ಗೆಲುವಿನ ಕತೆಯನ್ನು ಹೇಳಿ ಚಪ್ಪಾಳೆ ತಟ್ಟಿಸಲು ನಾನು ಬರೆಯುತ್ತಿಲ್ಲ. ಫ್ರೀಡಂ ಪಾರ್ಕಿನಿಂದ ಮೆಜೆಸ್ಟಿಕ್ಕಿಗೆ ನಡೆದುಹೋಗಬಹುದು. ಮೆಟ್ರೊ ಇದೆ, ಬಸ್ಸಿದೆ. ದಲಿತ ಸಂಘಟನೆಗಳು ಬಂದವು, ಕಾರ್ಮಿಕ ಸಂಘಟನೆಗಳು, ವಿದ್ಯಾರ್ಥಿಗಳು, ಲೇಖಕರು, ಕಲಾವಿದರು ಬಂದರು. ದಿನಾ ತರಕಾರಿ ಚೀಲ ಹಿಡಿದು ಹೊರಡುವ, ಬೆಳಿಗ್ಗೆ ಬಾಗಿಲಲ್ಲಿ ಹಾಲಿನ ಪ್ಯಾಕೆಟ್ಟು ಎತ್ತಿಕೊಳ್ಳುವ ನಾವು, ಒಂದು ಕೋಟಿ ಮೀರಿದ ಊರಿನವರು, ಎಷ್ಟು ಜನ ಹೋದೆವು? ಟಿ.ವಿ.ಯಲ್ಲಿ ನೋಡಿ 'ಪಾಪ ರೈತರು' ಎಂದೆವು. ಆ 'ಪಾಪ'ದಲ್ಲಿ ನಾವು ಸುಲಭವಾಗಿ ಹೊರಗುಳಿದೆವು.

ಭೂಸ್ವಾಧೀನದ ಕಾಗದ ಹೇಗೆ ನಡೆಯುತ್ತದೆ ನೋಡಿ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆ 1966ರದು. ಅದರ 28ನೇ ಕಲಮಿನಡಿ ಮೊದಲು ಪ್ರಾಥಮಿಕ ಅಧಿಸೂಚನೆ, ಆಮೇಲೆ ಜಮೀನಿನ ಒಡೆಯನಿಗೆ, ಅನುಭವದಲ್ಲಿರುವವನಿಗೆ ನೋಟಿಸು, ಆಕ್ಷೇಪಣೆಗೆ ಮೂವತ್ತು ದಿನ, ವಿಚಾರಣೆ, ಕೊನೆಗೆ ಅಂತಿಮ ಅಧಿಸೂಚನೆ. ಆಕ್ಷೇಪಿಸಬಹುದು, ಆದರೆ ರೈತ ಒಪ್ಪಲೇಬೇಕೆಂಬ ನಿಯಮ ಅದರಲ್ಲಿಲ್ಲ. ಇನ್ನೂ ಮುಖ್ಯವಾದದ್ದೆಂದರೆ, ನೋಟಿಸು ಸಾಮಾನ್ಯವಾಗಿ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲದಲ್ಲಿ ಕಳೆ ಕೀಳುವ ಕೂಲಿಯವಳಿಗೆ ಬರುವುದಿಲ್ಲ. ಗಂಡನ ಹೆಸರಿನ ಜಮೀನಿನಲ್ಲಿ ನಲವತ್ತು ವರ್ಷ ದುಡಿದ ಹೆಂಗಸಿಗೆ ಬರುವುದಿಲ್ಲ. ಅದೇ ಹೊಲದ ರಾಗಿ ತಿನ್ನುವ ನಿಮಗೂ ನನಗೂ ಬರುವುದಿಲ್ಲ. ನಮ್ಮ ಅನ್ನದ ಮೂಲವನ್ನು ಮಾರುವ, ಮುಚ್ಚುವ ತೀರ್ಮಾನದಲ್ಲಿ ಮಾತಾಡಲು ನಮಗೆ ಕಚೇರಿಯಲ್ಲಿ ಕುರ್ಚಿ ಇಲ್ಲ. ಇರುವುದು ಒಂದೇ ಜಾಗ, ಪೆಂಡಾಲಿನ ಕೆಳಗಿನ ಜಮಖಾನ. ಆದ್ದರಿಂದ ಕರೆಯುತ್ತಿದ್ದೇನೆ. ರೈತರಿಗೆ ಉಪಕಾರ ಮಾಡಲು ಬನ್ನಿ ಎಂದಲ್ಲ, ನಿಮ್ಮದೇ ತಕರಾರು ದಾಖಲಿಸಲು ಬನ್ನಿ.

ಈ ತಕರಾರು ಅನ್ನದ್ದಷ್ಟೇ ಅಲ್ಲ, ಹವಾಮಾನದ್ದೂ ಹೌದು. ಹವಾಮಾನದ ಮಾತು ಬಂದರೆ ನಮಗೆ ಹಿಮಗಡ್ಡೆ, ಧ್ರುವಪ್ರದೇಶ ನೆನಪಾಗುತ್ತದೆ. ಅಷ್ಟು ದೂರ ಯಾಕೆ? 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿದಾಗ ಸಾಫ್ಟ್‌ವೇರ್ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಅದೇ ತಿಂಗಳು ಚನ್ನರಾಯಪಟ್ಟಣದಲ್ಲಿ ಟ್ರ್ಯಾಕ್ಟರ್ ಓಡಿಸುವವರು ಧರಣಿಯಲ್ಲಿದ್ದರು. ಮರುವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಅದರ ಮರುವರ್ಷ, 2024ರ ಬೇಸಿಗೆಯಲ್ಲಿ, ಬೆಂಗಳೂರಿನ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿ ಟ್ಯಾಂಕರಿನವನ ಫೋನಿಗೆ ಕಾಯ್ದೆವು. ಮುಳುಗಿದ್ದೂ ನಾವೇ, ಒಣಗಿದ್ದೂ ನಾವೇ. ಕೆರೆಯಂಗಳ, ರಾಜಕಾಲುವೆ, ಹೊಲ ಎಲ್ಲ ಸಿಮೆಂಟಾದ ಮೇಲೆ ಮಳೆನೀರಿಗೆ ಇಂಗಲು ಎಡೆಯೆಲ್ಲಿ?

ದೇವನಹಳ್ಳಿ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ, ಕೊಳವೆಬಾವಿ, ಮೇಲಿನ ಮಳೆ, ಅಷ್ಟೆ. ಇಂಥ ನೆಲದಲ್ಲಿ ಬದುಕಲು ಬೇಕಾದ ವಿದ್ಯೆಯನ್ನು ಆ ಜನ ತಲೆಮಾರುಗಳಿಂದ ಇಟ್ಟುಕೊಂಡು ಬಂದಿದ್ದಾರೆ. ರಾಗಿಯ ನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಮಳೆ ತಡವಾದರೆ ರಾಗಿ ಬಾಡಿ ನಿಲ್ಲುತ್ತದೆ, ಹನಿ ಬಿದ್ದರೆ ಮತ್ತೆ ಚಿಗುರುತ್ತದೆ. ಹುಲ್ಲು ಹಸುವಿಗೆ, ಗೊಬ್ಬರ ಹೊಲಕ್ಕೆ. ಹಿಂದೆ ನೆಲದಡಿಯ ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಬರಗಾಲಕ್ಕೆ ಒದಗುತ್ತಿತ್ತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ನಮ್ಮೂರ ಹೋಟೆಲುಗಳಲ್ಲಿ ರಾಗಿ ಪಿಜ್ಜಾ ಬಂತು. ರಾಗಿ ಬೆಳೆಯುವವರು ಆ ವರ್ಷವಿಡೀ ಧರಣಿಯಲ್ಲೇ ಇದ್ದರು. ಇದೇ ತಾಲ್ಲೂಕಿನ ನಲ್ಲೂರಿನ ಹುಣಸೆತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದ್ದಾರೆ. ಹಳೇ ಹುಣಸೆಮರಕ್ಕೆ ಬೇಲಿ ಹಾಕಿ ಬೋರ್ಡು ನೆಡುವುದು ಗೊತ್ತಿರುವ ನಮಗೆ, ಪಕ್ಕದ ಬೇಸಾಯವೂ ಪರಂಪರೆಯೇ ಎಂದು ಯಾಕೆ ಹೊಳೆಯುವುದಿಲ್ಲವೋ!

'ರೈತರ ಮಕ್ಕಳೇ ಮಾರಿಕೊಂಡು ಹೋಗುತ್ತಿದ್ದಾರಲ್ಲ, ನೀವು ಯಾಕೆ ಕೂಗಾಡುತ್ತೀರಿ?' ಎಂದು ಕೇಳುವವರಿದ್ದಾರೆ. ನಿಜ, ಮಾರುತ್ತಿದ್ದಾರೆ. ಟೊಮೆಟೊ ಬೆಲೆ ಬಿದ್ದು ರಸ್ತೆಗೆ ಸುರಿದವರು, ಸಾವಿರಾರು ಅಡಿ ಕೊರೆಸಿ ನೀರು ಸಿಗದೆ ಸಾಲಕ್ಕೆ ಸಿಕ್ಕವರು ಮಾರದೆ ಏನು ಮಾಡಬೇಕು? ಮಾರುವುದು ಒಬ್ಬನ ಕಷ್ಟ. ಕಿತ್ತುಕೊಳ್ಳುವುದು ರಾಜ್ಯದ ತೀರ್ಮಾನ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. 1974ರಲ್ಲಿ, ದೇವರಾಜ ಅರಸರ ಕಾಲದಲ್ಲಿ, ಉಳುವವನಿಗೆ ಭೂಮಿ ಕೊಟ್ಟ ರಾಜ್ಯ ಇದು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ್ದೂ ಇದೇ ರಾಜ್ಯ. ಒಂದು ತಲೆಮಾರು ಗೇಣಿಯಿಂದ ಬಿಡಿಸಿಕೊಂಡ ನೆಲವನ್ನು ಮೊಮ್ಮಗ ಲೇಔಟಿನ ಕಾವಲುಗಾರನಾಗಿ ಕಾಯುತ್ತಾನೆ. ಎಂಥ ಪ್ರಗತಿ ಇದು?

ಈಗ ಬಿಡದಿಯ ಕಡೆ ತಿರುಗಿ. ಬೈರಮಂಗಲ, ಕಂಚುಗಾರನಹಳ್ಳಿ ಸುತ್ತ ಉಪನಗರ ಕಟ್ಟುವ ಮಾತು 2006ರ ಹೊತ್ತಿಗೇ ಎದ್ದಿತ್ತು. 2025ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಟಿತು. ಊರುಗಳಲ್ಲಿ ಒಂದೇ ಮಾತಿಲ್ಲ. ಒಳ್ಳೆಯ ಪರಿಹಾರ ಬಂದರೆ ಕೊಡುತ್ತೇವೆ ಎನ್ನುವವರಿದ್ದಾರೆ, ಸತ್ತರೂ ಕೊಡೆವು ಎನ್ನುವವರಿದ್ದಾರೆ. ಆದರೆ ಆ ಊರುಗಳಿಗೂ ಬೆಂಗಳೂರಿಗೂ ಒಂದು ಹಳೇ ಬಾಕಿ ಇದೆ. ವೃಷಭಾವತಿ ಹುಟ್ಟುವುದು ನಮ್ಮ ಬಸವನಗುಡಿಯ ಬಳಿ. ನಮ್ಮ ಬಚ್ಚಲು, ಕಕ್ಕಸು, ಕಾರ್ಖಾನೆಗಳ ಕೊಳೆ ಹೊತ್ತು, ನೊರೆಯೆಬ್ಬಿಸಿಕೊಂಡು ಅದು ಸೇರುವುದು ಬೈರಮಂಗಲದ ಕೆರೆಗೆ. ಭತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲಿ ಅಲ್ಲಿನವರು ಆ ನೀರಿಗೆ ತಾಳುವ ಬೇಬಿ ಕಾರ್ನ್, ಮೇವು, ಹಿಪ್ಪುನೇರಳೆಗೆ ಇಳಿದರು. ಮೊದಲು ಅವರ ನೀರು ಕೆಡಿಸಿದೆವು, ಕೆಟ್ಟ ನೀರಲ್ಲೂ ಹೇಗೋ ಬೆಳೆದು ಕೊಟ್ಟರು. ಈಗ ನೆಲವೂ ಬೇಕೇ?

ಅವರು ಸಭೆ ಕರೆದಾಗ ಹೋಗಿ. ಬೆಂಗಳೂರಿನಿಂದ ಬಿಡದಿಗೆ ರೈಲಿದೆ, ಮೈಸೂರು ರಸ್ತೆಯ ಹಲವು ಬಸ್ಸುಗಳು ಅಲ್ಲಿಯೇ ಹಾಯುತ್ತವೆ. ವೇದಿಕೆಯ ಮೇಲೆ ಜಾಗ ಹುಡುಕಬೇಡಿ, ಮೈಕು ಕೇಳಬೇಡಿ. ಹೋದವರು ಸಾಮಾನ್ಯವಾಗಿ ಮಾಡುವ ತಪ್ಪೇ ಅದು: ಅರ್ಧ ಗಂಟೆ ಭಾಷಣ, ಒಂದು ಸೆಲ್ಫಿ, ವಾಪಸು. ಹಿಂದಿನ ಸಾಲಿನಲ್ಲಿ ಮಾತಾಡದೆ ಕೂತಿರುವ ಅಜ್ಜಿಯ ಪಕ್ಕ ಕೂತು, ಅವರ ಜಮೀನು ಯಾರ ಹೆಸರಲ್ಲಿದೆ, ಏನು ಬೆಳೆಯುತ್ತಾರೆ, ಎಷ್ಟಕ್ಕೆ ಮಾರುತ್ತಾರೆ ಎಂದು ಕೇಳಿ. ಕೂಲಿಗೆ ಹೋಗುವವರಿಗೆ ಪರಿಹಾರದಲ್ಲಿ ಏನು ಸಿಗುತ್ತದೆಂದು ಸಭೆಯಲ್ಲೇ ಕೇಳಿ. ರೈತ ಮುಖಂಡರಿಗೂ ಈ ಪ್ರಶ್ನೆ ಸ್ವಲ್ಪ ಇರುಸುಮುರುಸು ಮಾಡಲಿ, ಪರವಾಗಿಲ್ಲ. ಮಕ್ಕಳನ್ನೂ ಕರೆದುಕೊಂಡು ಹೋಗಿ, ರಾಗಿ ತೆನೆ ತೋರಿಸಿ. ಮನವಿಗೆ ಸಹಿ ಹಾಕುವಾಗ ನಿಮ್ಮ ಬಡಾವಣೆಯ ಹೆಸರನ್ನೂ ಬರೆಯಿರಿ. ವಾಪಸು ಬಂದ ಮೇಲೆ ನಿಮ್ಮ ಅಪಾರ್ಟ್‌ಮೆಂಟಿನ ಮುಂದಿನ ಸಭೆಯಲ್ಲಿ, ಪಾರ್ಕಿಂಗ್ ಜಗಳ ಶುರುವಾಗುವ ಮುಂಚೆ, ಹತ್ತು ನಿಮಿಷ ಕೇಳಿಕೊಂಡು ಇದನ್ನು ಹೇಳಿ. ಮುಂದಿನ ಸಲ ಇನ್ನೂ ನಾಲ್ಕು ಜನರನ್ನು ಹೊರಡಿಸಿ.