ಹಿಮಾಲಯಕ್ಕೆ ಹೊರಡುವ ಮುನ್ನ



ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹುಡುಗರು ಹಿಮಾಲಯ ಚಾರಣಕ್ಕೆ ಹೊರಟರೆ ಸಂತೋಷ, ಜೊತೆಗೇ ಆತಂಕ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದಿಂದ ಹೋಗಿದ್ದ ತಂಡದ 9 ಮಂದಿ ತೀರಿಕೊಂಡದ್ದನ್ನು ಮರೆಯಲಾದೀತೇ? ತಯಾರಿಗೆಂದು ಬೆನ್ನಿಗೆ ಹೊರೆ ಹೊತ್ತು ನಮ್ಮ ಕಡೆಯ ದೇವರಾಯನದುರ್ಗ, ಹುಲಿಯೂರುದುರ್ಗ ಬೆಟ್ಟಗಳನ್ನು ಹತ್ತಿಳಿದರೆ ಕಾಲು, ಉಸಿರು ಗಟ್ಟಿಯಾಗುತ್ತವೆ, ನಿಜ. ಆದರೆ ದೇವರಾಯನದುರ್ಗದ ಎತ್ತರವೇ ಸುಮಾರು 1,200 ಮೀಟರ್; ತೆಳುಗಾಳಿಯ ರೂಢಿ ಇಲ್ಲಿ ಆಗದು. ಹಾಗಾಗಿ ಹಿಮಾಲಯದಲ್ಲಿ 3,000 ಮೀಟರ್ ದಾಟಿದ ಮೇಲೆ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ವಿಶ್ರಮಿಸಬೇಕು. ಎಂಥ ಗಟ್ಟಿ ಆಳಿಗೂ ಇದೇ ನಿಯಮ. ಗೆಳೆಯರೇ, ತಲೆನೋವು, ವಾಕರಿಕೆ ಬಂದರೆ ಮುಚ್ಚಿಡಬೇಡಿ. ಹೆಚ್ಚಾದರೆ ಶಿಖರದ ಆಸೆ ಬಿಟ್ಟು ಕೂಡಲೇ ಕೆಳಗಿಳಿಯಿರಿ.

– ಓದುಗ, ಗುಬ್ಬಿ