ಹರಿಹರದ ಹೊಳೆ, ಮಂಡಳಿಯ ಹೊಣೆ

‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ಮಾತು ಮಲೆನಾಡಿನ ಮನೆಮನೆಯಲ್ಲೂ ಇದೆ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ ಹರಿಹರವನ್ನು ಮುಟ್ಟುವ ಹೊತ್ತಿಗೆ ಆ ಮಾತಿನಲ್ಲಿ ಎಷ್ಟು ಸತ್ಯ ಉಳಿದಿರುತ್ತದೆ ಎಂದು ಕೇಳುವವರು ಮಾತ್ರ ವಿರಳ. ಕೆಳಗಿನವರ ನೀರು ಕೆಳಗಿನವರ ಚಿಂತೆ ಎಂಬ ಭಾವನೆ ಘಟ್ಟದ ಸೆರಗಿನಲ್ಲಿ ಗಟ್ಟಿಯಾಗಿ ಬೇರೂರಿದೆ. ಹರಿಹರದ ಬಳಿಯ ರಾಜನಹಳ್ಳಿಯಲ್ಲಿ ಎತ್ತಿದ ಈ ಹೊಳೆಯ ನೀರನ್ನೇ ದಾವಣಗೆರೆ ನಗರ ಕುಡಿಯುತ್ತದೆ. ಕುಂದವಾಡ ಕೆರೆಗೆ ತುಂಬುವುದೂ ಭದ್ರಾ ನಾಲೆಯ ನೀರೇ. ಮೇಲೆ ಬಿಟ್ಟದ್ದು ಕೆಳಗೆ ಲೋಟಕ್ಕೆ ಬರುತ್ತದೆ.

ಆರೋಗ್ಯವೆಂದೊಡನೆ ಆಸ್ಪತ್ರೆ, ಲಸಿಕೆ, ಔಷಧಿ ನೆನಪಾಗುವುದು ಸಹಜ. ದಾವಣಗೆರೆಯಂತೂ 1965ರಿಂದ ವೈದ್ಯಕೀಯ ಕಾಲೇಜಿರುವ ಊರು. ಆದರೆ ನದೀತೀರದ ಜನರ ಆರೋಗ್ಯವನ್ನು ಕಾಯಬೇಕಾದ ಮೊದಲ ಸಂಸ್ಥೆ ಆಸ್ಪತ್ರೆಯಲ್ಲ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ರೋಗಿ ಆಸ್ಪತ್ರೆಯ ಬಾಗಿಲಿಗೆ ಬರುವ ಮುನ್ನವೇ ಕೆಲಸ ಮುಗಿಸಬೇಕಾದ ಸಂಸ್ಥೆ ಅದು. ಮಂಡಳಿಗೆ ಜನ್ಮವಿತ್ತ 1974ರ ಜಲ ಮಾಲಿನ್ಯ ತಡೆ ಅಧಿನಿಯಮವು ತನ್ನ ಪೀಠಿಕೆಯಲ್ಲಿಯೇ ನೀರಿನ ಸ್ವಾಸ್ಥ್ಯವನ್ನು ಕಾಪಾಡುವುದು ಅಥವಾ ಮರಳಿ ತರುವುದು ತನ್ನ ಉದ್ದೇಶವೆಂದು ಸಾರುತ್ತದೆ. ಅದರ 17ನೆಯ ಕಲಂ ಮಂಡಳಿಯ ಕರ್ತವ್ಯಗಳನ್ನು ಹೇಳುತ್ತ, ಜಲಮಾಲಿನ್ಯದ ಮಾಹಿತಿಯನ್ನು ಸಂಗ್ರಹಿಸುವುದಷ್ಟೇ ಅಲ್ಲ, ಪ್ರಸಾರ ಮಾಡುವುದನ್ನೂ ಸೇರಿಸಿದೆ. ಸಂಗ್ರಹದ ಕೆಲಸ ಹೇಗೋ ನಡೆಯುತ್ತಿದೆ. ಪ್ರಸಾರ ಹೊಳೆಯ ದಡವನ್ನು ಇನ್ನೂ ಮುಟ್ಟಿಲ್ಲ.

ಇದರ ಬೆಲೆ ಏನೆಂಬುದನ್ನು ಹರಿಹರದ ಎದುರು ದಡ ಚೆನ್ನಾಗಿ ಬಲ್ಲದು. ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ನೀಲಗಿರಿ ಮರವನ್ನು ರಾಸಾಯನಿಕಗಳಲ್ಲಿ ಬೇಯಿಸಿ ರೇಯಾನ್ ಬಟ್ಟೆಗೆ ಬೇಕಾದ ತಿರುಳು ತೆಗೆಯುವ ಉದ್ಯಮವದು. ಮರದೊಳಗಿನ ಲಿಗ್ನಿನ್ ಬಿಟ್ಟುಕೊಡುವ ಕಂದು ಬಣ್ಣ ನೀರಿನಲ್ಲಿ ಬೇಗ ಕರಗಿಹೋಗುವಂಥದ್ದಲ್ಲ. ಕೆಳದಂಡೆಯ ಹಳ್ಳಿಗಳ ಬೆಸ್ತರು ಮೀನು ಸಾಯುತ್ತಿವೆ ಎಂದರು. ರೈತರು ದನಗಳು ನೀರು ಮುಟ್ಟುತ್ತಿಲ್ಲ, ಮೈ ಕಡಿತ ಬಿಡುತ್ತಿಲ್ಲ ಎಂದರು. ಕಾರ್ಖಾನೆ ಅಂದಿನ ಧಾರವಾಡ ಜಿಲ್ಲೆಗೆ, ಹರಿಹರ ಪಟ್ಟಣ ಚಿತ್ರದುರ್ಗಕ್ಕೆ ಸೇರಿತ್ತು. 1997ರ ಬಳಿಕ ಒಂದು ದಡ ಹಾವೇರಿಯದಾಯಿತು, ಇನ್ನೊಂದು ದಾವಣಗೆರೆಯದು. ನಡುವೆ ಹರಿಯುವ ನೀರು ಯಾರ ಕಡತಕ್ಕೆ ಸೇರಿದ್ದೆಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

1984ರಲ್ಲಿ ಸರ್ಕಾರ ಮತ್ತು ಇದೇ ಉದ್ಯಮದ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಹುಟ್ಟಿ, ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೊಳೆಯ ಹೋರಾಟವನ್ನೂ ಭೂಮಿಯ ಹೋರಾಟವನ್ನೂ ಒಂದೇ ಹಗ್ಗದಲ್ಲಿ ಹೊಸೆಯಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಯಿತು; ಜನ ನೀಲಗಿರಿ ಸಸಿಗಳನ್ನು ಕಿತ್ತು ಹಣ್ಣು, ಮೇವು, ಸೌದೆಯ ಗಿಡಗಳನ್ನು ನೆಟ್ಟರು. 1991ರಲ್ಲಿ ಆ ಕಂಪನಿ ಮುಚ್ಚಿತು. ಇಡೀ ಪ್ರಕರಣದಲ್ಲಿ ನೀರಿನ ಸ್ಥಿತಿಯ ಸುದ್ದಿ ಜನರಿಗೆ ತಲುಪಿದ್ದು ಪ್ರಯೋಗಾಲಯದ ವರದಿಯಿಂದಲ್ಲ, ತೇಲಿಬಂದ ಮೀನಿನಿಂದ.

ಇಂದು ಕಾರ್ಖಾನೆಗೆ ಶುದ್ಧೀಕರಣ ಘಟಕವಿದೆ. ಎಲ್ಲ ಪಾಪವನ್ನೂ ಅದರ ಚಿಮಣಿಗೆ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದೀಭಾಗಗಳನ್ನು ಪಟ್ಟಿ ಮಾಡಿತು. ಅದರಲ್ಲಿದ್ದ ಕರ್ನಾಟಕದ 17ರ ಪೈಕಿ ತುಂಗಾ, ಭದ್ರಾ, ತುಂಗಭದ್ರಾ ಮೂರೂ ಸೇರಿದ್ದವು. ತಾಯಿ, ಮಕ್ಕಳೆಲ್ಲರೂ ಒಂದೇ ವಾರ್ಡಿನಲ್ಲಿ ಮಲಗಿದಂತೆ! ಶಿವಮೊಗ್ಗ, ಭದ್ರಾವತಿ, ಹರಿಹರಗಳ ಚರಂಡಿ ಇದರಲ್ಲಿ ದೊಡ್ಡ ಪಾಲುದಾರ. ಮಲೆನಾಡಿನ ತೋಟಗಳೂ ಹೊರತಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿದ ಹುಳಿನೀರು ಡಿಸೆಂಬರಿನಿಂದ ಫೆಬ್ರುವರಿಯವರೆಗೆ, ಹಳ್ಳಗಳು ಬಡಕಲಾಗುವ ಕಾಲದಲ್ಲಿಯೇ, ಸಂಸ್ಕರಣೆಯಿಲ್ಲದೆ ಹಳ್ಳಕ್ಕೆ ಇಳಿದರೆ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಕಾರ್ಖಾನೆಯ ವಿರುದ್ಧ ಘೋಷಣೆ ಕೂಗಿದವರ ತೋಟದಲ್ಲೂ ಈ ಹುಳಿನೀರು ಇದ್ದೀತು.

ನೀರನ್ನು ಅಳೆಯುವ ಮಾನದಂಡಗಳು ವಿದ್ಯಾರ್ಥಿಗಳಿಗೆ ಅರ್ಥವಾಗದಷ್ಟು ಕಠಿಣವೇನಲ್ಲ. ಕೇಂದ್ರ ಮಂಡಳಿಯ ವರ್ಗೀಕರಣದಂತೆ, ಸ್ನಾನಕ್ಕೆ ಯೋಗ್ಯವಾದ ‘ಬಿ’ ದರ್ಜೆಯ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, ಜೈವಿಕ ಆಮ್ಲಜನಕ ಬೇಡಿಕೆ 3 ಮಿಲಿಗ್ರಾಂ ಮೀರಬಾರದು, 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಸೂಕ್ಷ್ಮಾಣುಗಳ ಎಣಿಕೆ 500ರೊಳಗಿರಬೇಕು. ‘ಸಿ’ ದರ್ಜೆಯಲ್ಲಿ ಆ ಎಣಿಕೆ 5,000ದವರೆಗೆ ಹೋಗಬಹುದು, ಆದರೆ ಅಂಥ ನೀರನ್ನು ಪೂರ್ಣ ಶುದ್ಧೀಕರಿಸಿಯೇ ಕುಡಿಯಬೇಕು. ನಗರಕ್ಕೆ ಶುದ್ಧೀಕರಣ ಘಟಕವಿದೆ. ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಣ್ಣುಮಕ್ಕಳಿಗೆ, ದನ ಮೀಯಿಸುವವರಿಗೆ, ಪಂಪ್‌ಸೆಟ್ಟಿನ ನೀರಿನಲ್ಲಿ ಸೊಪ್ಪು ಬೆಳೆಯುವ ರೈತರಿಗೆ ಯಾವ ಘಟಕವಿದೆ?

ವಿಚಿತ್ರವೆಂದರೆ, ನೀರಿನ ಲೆಕ್ಕ ಮಂಡಳಿಯ ಬಳಿ, ಭೇದಿ, ವಿಷಮಶೀತ ಜ್ವರಗಳ ಲೆಕ್ಕ ಆರೋಗ್ಯ ಇಲಾಖೆಯ ಬಳಿ, ನಲ್ಲಿಯ ಲೆಕ್ಕ ನಗರಪಾಲಿಕೆಯ ಬಳಿ. ರೋಗಗಳ ನಿಗಾ ಯೋಜನೆ ದೇಶದಲ್ಲಿ 2004ರಿಂದ ಇದೆ. ಈ ಮೂರು ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ತೆರೆದಿಟ್ಟರೆ ಯಾವ ತಿಂಗಳು ಯಾವ ಹಳ್ಳಿಗೆ ಎಚ್ಚರಿಕೆ ಕೊಡಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಕಟ್ಟಡವೂ ಬೇಡ. ಪ್ರತಿ ತಿಂಗಳ ಪರೀಕ್ಷೆಯ ಫಲಿತಾಂಶವನ್ನು ತೀರದ ಪ್ರತಿ ಗ್ರಾಮ ಪಂಚಾಯಿತಿಯ ಕರಿಹಲಗೆಯ ಮೇಲೆ ಕನ್ನಡದಲ್ಲಿ ಬರೆದರೆ ಸಾಕು: ಈ ತಿಂಗಳು ಸ್ನಾನಕ್ಕೆ ಆದೀತು, ಅಥವಾ ಆಗದು. ಕಚೇರಿಯ ಸಿಬ್ಬಂದಿ ಕಡಿಮೆಯೆಂಬ ಸಬೂಬು ಬರುವುದು ಖಂಡಿತ. ಕರಗಿದ ಆಮ್ಲಜನಕದ ಪರೀಕ್ಷೆಯನ್ನು ಪದವಿ ಕಾಲೇಜಿನ ರಸಾಯನಶಾಸ್ತ್ರ ವಿದ್ಯಾರ್ಥಿಗಳು ಮಾಡಬಲ್ಲರು. ಅವರನ್ನು ಜೊತೆಗೆ ಕರೆದುಕೊಳ್ಳಲು ಮಂಡಳಿಗೆ ಅಡ್ಡಿಯೇನಿದೆ?

ಮಂಡಳಿ ತಾನಾಗಿ ಬರೆಯದಿದ್ದರೆ ಬರೆಸುವ ದಾರಿಯೂ ಉಂಟು. 1988ರ ತಿದ್ದುಪಡಿಯ ನಂತರ, 60 ದಿನಗಳ ನೋಟಿಸ್ ಕೊಟ್ಟು ಯಾವ ನಾಗರಿಕನಾದರೂ ನ್ಯಾಯಾಲಯದಲ್ಲಿ ದೂರು ಹೂಡಬಹುದು. ಆತ ಕೇಳಿದಾಗ ಮಂಡಳಿ ತನ್ನಲ್ಲಿರುವ ವರದಿಗಳನ್ನು ಸಾಮಾನ್ಯವಾಗಿ ಒದಗಿಸಲೇಬೇಕು ಎಂದು 49ನೆಯ ಕಲಂ ಹೇಳುತ್ತದೆ. ಅದಕ್ಕೂ ಮುನ್ನ, 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿಯ ಅರ್ಜಿಗೆ 30 ದಿನದಲ್ಲಿ ಉತ್ತರ ಬರಬೇಕು. ಕೂಡಲಿ, ಹೊನ್ನಾಳಿ, ಹರಿಹರಗಳ ಕಳೆದ ಹನ್ನೆರಡು ತಿಂಗಳ ಫಲಿತಾಂಶ ಕೊಡಿ ಎಂಬ ಒಂದೇ ವಾಕ್ಯದ ಅರ್ಜಿ ಸಾಕು. ಶೃಂಗೇರಿ, ತೀರ್ಥಹಳ್ಳಿಗಳ ಹೆಸರನ್ನೂ ಅದೇ ಅರ್ಜಿಯಲ್ಲಿ ಸೇರಿಸುವುದು ಒಳ್ಳೆಯದು.