ಫಲಕದ ತಪ್ಪು, ಚೀಟಿಯ ತಪ್ಪು

ಮೊನ್ನೆ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನು ಭೇಟಿಯಾಗಿದ್ದ. ಮಾತಾಡುತ್ತ ಹೊರಟಾಗ ಅಂಗಡಿಯೊಂದರ ಫಲಕವನ್ನು ತೋರಿಸಿ ನಕ್ಕ. ‘ಸ್ಟೇಷನರಿ’ ಎಂಬ ಇಂಗ್ಲಿಷ್ ಪದದ ಕೊನೆಯಲ್ಲಿ ‘ಇ’ ಇರಬೇಕಾದ ಕಡೆ ‘ಎ’ ಬಿದ್ದು, ಕಾಗದ-ಪೆನ್ನುಗಳ ಅಂಗಡಿಯು ‘ಚಲಿಸದೆ ನಿಂತದ್ದು’ ಎಂಬ ಅರ್ಥವನ್ನು ಪಡೆದಿತ್ತು. “ಎಷ್ಟನೇತ್ತೆ ಓದ್ಯಾನೋ ಏನೋ ಸರ್ರ!” ಎಂದ. ಅದೇ ಫಲಕದ ಕೆಳಗೆ ಕನ್ನಡದಲ್ಲಿ ‘ಹಾರ್ಧಿಕ ಸುಸ್ವಾಗತ’ ಎಂದಿತ್ತು. ಅಲ್ಲಿ ಮಹಾಪ್ರಾಣ ಸಲ್ಲದು, ‘ಹಾರ್ದಿಕ’ ಎಂದಾಗಬೇಕು. ಅದು ಅವನ ಕಣ್ಣಿಗೆ ಬೀಳಲೇ ಇಲ್ಲ.

ಕನ್ನಡದಲ್ಲಿ ತಪ್ಪಿದರೆ ಅವಸರವೆನ್ನುತ್ತೇವೆ. ಇಂಗ್ಲಿಷಿನಲ್ಲಿ ತಪ್ಪಿದರೆ ಅವನ ಶಾಲೆ, ಮನೆತನ, ಬುದ್ಧಿ ಎಲ್ಲವನ್ನೂ ಅಳೆದುಬಿಡುತ್ತೇವೆ. ಇಂಗ್ಲಿಷರಿಗೆ ಇಂಥ ತೀರ್ಪನ್ನು ನಾವೆಂದೂ ಕೊಡಲಿಲ್ಲ. ನಮ್ಮ ಊರುಗಳ ಹೆಸರು ಅವರ ನಾಲಗೆಗೆ ಹೊರಳದೆ ‘ಹುಬ್ಲಿ’, ‘ಧಾರ್ವಾರ್’ ಎಂದು ಬರೆದರು. ಅವರು ಹೋದ ಮೇಲೂ ನಾವು ‘ಹುಬ್ಲಿ’ಯನ್ನು ಲಕೋಟೆಗಳ ಮೇಲೆ ನಿಷ್ಠೆಯಿಂದ ಬರೆಯುತ್ತ ಬಂದೆವು. ಇಂಗ್ಲಿಷಿನಲ್ಲಿಯೂ ‘ಹುಬ್ಬಳ್ಳಿ’ ಎಂದೇ ಅಧಿಕೃತವಾಗಿ ಬರೆಯಲು 2014ರ ನವೆಂಬರ್ 1 ಬರಬೇಕಾಯಿತು.

ಹೀಗೆ ಬರೆಯುವ ಅಧಿಕಾರ ನನಗಿದೆಯೇ ಎಂಬುದು ಬೇರೆ ಮಾತು. ನಾನು ವೃತ್ತಿಗೆ ಸೇರಿದ ಹೊಸತು. ಆಗ ಕನ್ನಡ ಮಾಧ್ಯಮದ ಮಕ್ಕಳಿಗೆ ಐದನೆಯ ಇಯತ್ತೆಯಿಂದ ಇಂಗ್ಲಿಷ್ ಆರಂಭವಾಗುತ್ತಿತ್ತು. ಎಂಟನೆಯ ಇಯತ್ತೆಯ ಹುಡುಗನೊಬ್ಬ, ಹಳ್ಳಿಯಿಂದ ಬರುವವನು, ರಜೆಯ ಚೀಟಿ ತಂದುಕೊಟ್ಟ: ‘ಐ ಡಿಡ್ ನಾಟ್ ಕೇಮ್ ಟು ಸ್ಕೂಲ್. ಮೈ ಗ್ರ್ಯಾಂಡ್‌ಮದರ್ ಡೈಡ್ ಯಸ್ಟರ್‌ಡೇ ಓನ್ಲಿ.’ ಅದನ್ನು ನಾನು ತರಗತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಇಂದು ಆ ಎರಡು ವಾಕ್ಯಗಳನ್ನು ನೋಡಿದರೆ ಅವುಗಳಲ್ಲಿ ದಡ್ಡತನ ಕಾಣುವುದಿಲ್ಲ. ‘ಓನ್ಲಿ’ ಎಂಬುದು ‘ನಿನ್ನೆಯೇ’ ಎಂಬಲ್ಲಿಯ ಅವಧಾರಣೆಯ ‘ಏ’. ಕನ್ನಡದಲ್ಲಿ ಯೋಚಿಸುವವನಿಗೆ ಅದನ್ನು ಬಿಟ್ಟರೆ ಮಾತೇ ಪೂರ್ಣವಾಗದು. ನಡೆದುಹೋದ ಸಂಗತಿಯಾದ್ದರಿಂದ ಕ್ರಿಯಾಪದವೂ ಭೂತಕಾಲದಲ್ಲಿರಬೇಕೆಂದು ತರ್ಕಿಸಿ ‘ಕೇಮ್’ ಎಂದಿದ್ದ. ಭೂತಕಾಲದ ಭಾರವನ್ನು ‘ಡಿಡ್’ ಒಂದೇ ಹೊತ್ತಿರುತ್ತದೆ ಎಂಬುದನ್ನು ಅವನಿಗೆ ಮನದಟ್ಟು ಮಾಡಿಕೊಡಬೇಕಾದವನು ನಾನೇ ಆಗಿದ್ದೆ.

ತಿದ್ದಬಾರದೆಂದು ನಾನು ಹೇಳುತ್ತಿಲ್ಲ. ನೌಕರಿಯ ಅರ್ಜಿಯಲ್ಲಿ ಇಂಥದೊಂದು ವಾಕ್ಯ ಉಳಿದರೆ ಓದುವವರು ಮುಂದಿನ ಸಾಲಿಗೆ ಹೋಗುವುದಿಲ್ಲ. ಅದಕ್ಕಾಗಿಯೇ ಕೆಂಪು ಶಾಯಿಯನ್ನು ಧಾರಾಳವಾಗಿ ಖರ್ಚು ಮಾಡಿದೆ. ಆದರೆ ಆ ಹುಡುಗ ಅನಂತರ ಚೀಟಿ ಬರೆಯುವುದನ್ನೇ ಬಿಟ್ಟ. ಬಾರದ ದಿನಗಳಿಗೆ ಸುಮ್ಮನೆ ದಂಡ ಕಟ್ಟಿದ.

ಅವನಿಂದ ‘ಡಿಡ್ ನಾಟ್ ಕಮ್’ ಎಂದು ಐದು ಸಲ ಬರೆಸಿದ್ದು ನನಗೆ ನೆನಪಿದೆ. ತೀರಿಹೋದ ಅಜ್ಜಿಯ ಬಗ್ಗೆ ಅಂದು ನಾನು ಏನನ್ನೂ ಕೇಳಲಿಲ್ಲ.